‘ಹ್ಯಾಂಗ್ ಆನ್’ ಅಂದಾಗ ಫೋನ್ ಇಡಬೇಡಿ: ಮಾತು, ಮಾಧ್ಯಮದ ಫ್ರೇಸಲ್ ವರ್ಬ್‌ಗಳನ್ನು ಕಲಿಯುವ ಕ್ರಮ

ಜುಲೈ ತಿಂಗಳು, ಬಿಡದೆ ಹೊಯ್ಯುವ ಮಳೆ. ಹೊಸನಗರ ಕಡೆಯ ನನ್ನೊಬ್ಬ ವಿದ್ಯಾರ್ಥಿನಿಗೆ ಬೆಂಗಳೂರಿನ ಕಂಪನಿಯೊಂದರಿಂದ ಫೋನ್ ಸಂದರ್ಶನವಿತ್ತು. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ತೋಟದ ಮೇಲಿನ ಧರೆ ಹತ್ತಿ, ಕೊಡೆ ಹಿಡಿದುಕೊಂಡು ಮಾತಾಡುತ್ತಿದ್ದಳು. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತಂತೆ. ಕೊನೆಗೆ ಆ ಕಡೆಯವರು ‘ಹ್ಯಾಂಗ್ ಆನ್, ಐ ವಿಲ್ ಪುಟ್ ಯೂ ಥ್ರೂ ಟು ದ ಮ್ಯಾನೇಜರ್’ ಅಂದರು. ಇವಳು ‘ಥ್ಯಾಂಕ್ಯೂ ಸರ್’ ಅಂದವಳೇ ಕೆಂಪು ಗುಂಡಿ ಒತ್ತಿದಳು. “ಅವರೇ ಇಡು ಅಂದ್ರಲ್ಲ ಸರ್” ಎಂದು ಮರುದಿನ ನನ್ನ ಮುಂದೆ ಕೂತಾಗ ನಗಬೇಕೋ ಬಯ್ಯಬೇಕೋ ಗೊತ್ತಾಗಲಿಲ್ಲ.

ಶಿವಮೊಗ್ಗದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ನನಗೆ ಇಂಥದ್ದು ಹೊಸದಲ್ಲ. ಬರುವವರು ಬಹಳ ಮಂದಿ ಫ್ರೇಸಲ್ ವರ್ಬ್‌ಗಳ, ಅಂದರೆ ಕ್ರಿಯಾಪದಕ್ಕೆ ‘ಆನ್’, ‘ಅಪ್’ನಂಥ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳ, ಪಟ್ಟಿ ಉರು ಹೊಡೆದುಕೊಂಡೇ ಬಂದಿರುತ್ತಾರೆ. ‘ಗೆಟ್’ ಕೆಳಗೆ ಇಪ್ಪತ್ತು, ‘ಪುಟ್’ ಕೆಳಗೆ ಇಪ್ಪತ್ತು. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಅಂದರೆ ಪೂರ್ತಿ ಅಂಕ. ಬಾಯಿ ಬಿಟ್ಟರೆ ಎಡವುವುದು ಮಾತ್ರ ಅದೇ ಮೂರು ಜಾಗದಲ್ಲಿ: ಹಿಂದೆ ಬರುವ ‘ಅಪ್’, ‘ಔಟ್’, ‘ಆಫ್’ ಅದಲುಬದಲಾಗುತ್ತವೆ, ‘ಹಿಮ್’, ‘ಇಟ್’ ತಪ್ಪು ಜಾಗದಲ್ಲಿ ಕೂರುತ್ತವೆ, ಬೇರೆಯವರು ಆಡಿದಾಗ ಕಿವಿಗೆ ಗುರುತೇ ಸಿಗುವುದಿಲ್ಲ. ಈ ‘ಅಪ್’, ‘ಔಟ್’ಗಳಿಗೆ ನನ್ನ ತರಗತಿಯಲ್ಲಿ ಬಾಲ ಎಂದು ಹೆಸರು. ಇಲ್ಲೂ ಹಾಗೇ ಕರೆಯುತ್ತೇನೆ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

200 ಪುಟದ ಒಂದು ಉದ್ದ ನೋಟ್‌ಬುಕ್, ನೀಲಿ ಮತ್ತು ಕೆಂಪು ಪೆನ್ನು, ಧ್ವನಿ ರೆಕಾರ್ಡ್ ಮಾಡಿಕೊಳ್ಳಲು ಮೊಬೈಲು. ಕ್ರಿಯಾಪದ ನೀಲಿಯಲ್ಲಿ, ಬಾಲ ಕೆಂಪಿನಲ್ಲಿ. ಇದು ಚಿಕ್ಕ ಮಕ್ಕಳ ಆಟದಂತೆ ಕಂಡರೂ ಬಿಡಬೇಡಿ, ಕಣ್ಣಿಗೆ ಬಾಲ ಬೇರೆಯಾಗಿ ಕಾಣುವುದೇ ಅರ್ಧ ಕೆಲಸ.

ನಿಘಂಟು ಬೇಕೇ ಬೇಕು, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಇಂಗ್ಲಿಷ್–ಕನ್ನಡ ಪಾಕೆಟ್ ನಿಘಂಟು ಸಾಲದು. ವಿದ್ಯಾರ್ಥಿಗಳಿಗೆಂದೇ ಮಾಡಿರುವ ಆಕ್ಸ್‌ಫರ್ಡ್ ಅಥವಾ ಲಾಂಗ್‌ಮನ್ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎರಡು ಗುರುತು ನೋಡಲು ಕಲಿಯಿರಿ. ‘ಎಸ್‌ಬಿ’ (ಸಮ್‌ಬಡಿ) ಅಂದರೆ ಯಾರೋ ಒಬ್ಬರು, ‘ಎಸ್‌ಟಿಎಚ್’ (ಸಮ್‌ಥಿಂಗ್) ಅಂದರೆ ಏನೋ ಒಂದು. ಅದರ ಪಕ್ಕ ಎರಡು ಕಡೆಗೂ ಮೂತಿಯಿರುವ ಬಾಣ ಕಂಡರೆ, ಆ ಪದ ಬಾಲದ ಆಚೆಗೂ ಈಚೆಗೂ ಕೂರಬಹುದು ಎಂದರ್ಥ. ನಾಲ್ಕನೇ ಹಂತದಲ್ಲಿ ಈ ಬಾಣ ಕೆಲಸಕ್ಕೆ ಬರುತ್ತದೆ.

ದಿನಕ್ಕೆ 20 ನಿಮಿಷ, ಐದು ವಾರ. ಕರೆಂಟು ಹೋದ ಹೊತ್ತೇ ಅನುಕೂಲ, ನಮ್ಮಲ್ಲಿ ಅದಕ್ಕೇನೂ ಬರವಿಲ್ಲ.

## ಹಂತ 1: ಫೋನಿನಿಂದ ಶುರುಮಾಡಿ

ಅಕಾರಾದಿ ಪಟ್ಟಿಯನ್ನು ಮಡಚಿಡಿ. ಮೊದಲ ವಾರ ಫೋನಿಗೆ ಸಂಬಂಧಿಸಿದ ಎಂಟೇ ಎಂಟು. ಫೋನೇ ಯಾಕೆಂದರೆ, ಅಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ, ತಪ್ಪಿದರೆ ಪೆಟ್ಟು ಆಗಲೇ ಬೀಳುತ್ತದೆ. ಒಂದು ಕರೆ ಹೇಗೆ ನಡೆಯುತ್ತದೋ ಅದೇ ಸರದಿಯಲ್ಲಿ ಬರೆದುಕೊಳ್ಳಿ.

ನೀವು ಕರೆ ಮಾಡುತ್ತೀರಿ, ಲೈನೇ ಸಿಗುವುದಿಲ್ಲ: ‘ಐ ಕಾಂಟ್ ಗೆಟ್ ಥ್ರೂ’. ರಿಂಗಾಗುತ್ತದೆ, ಎತ್ತುವುದಿಲ್ಲ: ‘ಶೀ ಈಸ್ ನಾಟ್ ಪಿಕಿಂಗ್ ಅಪ್’. ಎತ್ತಿದವರು ಸ್ವಲ್ಪ ಇರಿ ಅನ್ನುತ್ತಾರೆ: ‘ಹ್ಯಾಂಗ್ ಆನ್’ ಅಥವಾ ‘ಹೋಲ್ಡ್ ಆನ್’. ಬೇರೆಯವರಿಗೆ ಲೈನ್ ಕೊಡುತ್ತಾರೆ: ‘ಐ ವಿಲ್ ಪುಟ್ ಯೂ ಥ್ರೂ’. ಧ್ವನಿ ತುಂಡುತುಂಡಾಗಿ ಬರುತ್ತದೆ: ‘ಯೂ ಆರ್ ಬ್ರೇಕಿಂಗ್ ಅಪ್’. ಜೋರಾಗಿ ಹೇಳಿ ಅನ್ನಬೇಕು: ‘ಪ್ಲೀಸ್ ಸ್ಪೀಕ್ ಅಪ್’. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಂಡಾಗ ಆಗುವಂತೆ ನಡುವೆಯೇ ಕಡಿದುಹೋಗುತ್ತದೆ: ‘ವಿ ಗಾಟ್ ಕಟ್ ಆಫ್’. ಎಲ್ಲ ಮುಗಿದು ಫೋನ್ ಇಡುವುದು: ‘ಹ್ಯಾಂಗ್ ಅಪ್’.

ಇಲ್ಲಿ ನಡೆಯುವ ದೊಡ್ಡ ತಪ್ಪಿಗೆ ಕಾರಣ ನಮ್ಮ ಕನ್ನಡವೇ. ‘ಫೋನ್ ಇಡ್ತೀನಿ’ ಎಂಬುದು ಬಾಯಿಗೆ ಬರುವಾಗ ‘ಐ ವಿಲ್ ಕೀಪ್ ದ ಫೋನ್’ ಆಗಿರುತ್ತದೆ. ನಾನೇ ಎಷ್ಟೋ ವರ್ಷ ಹಾಗೆ ಹೇಳಿಕೊಂಡು ಓಡಾಡಿದವನು. ಹೊರಗಿನವರು ಅದನ್ನು ಕೇಳಿದರೆ, ಇವನು ಯಾರದೋ ಫೋನನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನಂತೆ ಎಂದುಕೊಂಡಾರು.

‘ಹ್ಯಾಂಗ್ ಆನ್’, ‘ಹ್ಯಾಂಗ್ ಅಪ್’ ಗೊಂದಲ ಬಿಡಿಸಿಕೊಳ್ಳಲು ಗೋಡೆಗೆ ಹಾಕಿರುತ್ತಿದ್ದ ಹಳೇ ಫೋನನ್ನು ನೆನೆಯಿರಿ. ಮಾತು ಮುಗಿದ ಮೇಲೆ ರಿಸೀವರನ್ನು ಮೇಲಿನ ಕೊಕ್ಕೆಗೆ ತೂಗುಹಾಕಬೇಕಿತ್ತು. ‘ಅಪ್’ ಅಂದರೆ ಅದು, ಮಾತು ಮುಗಿಯಿತು. ‘ಆನ್’ ಅಂದರೆ ನೀವೇ ಅದಕ್ಕೆ ಜೋತುಬಿದ್ದು ಕಾಯುತ್ತಿರುವುದು. ಹೊಸನಗರದ ಹುಡುಗಿಗೆ ಈ ಚಿತ್ರ ಬಿಡಿಸಿ ತೋರಿಸಿದ ಮೇಲೆ ಅವಳು ಮತ್ತೆ ತಪ್ಪಲಿಲ್ಲ.

## ಹಂತ 2: ಕನ್ನಡದ ಜೋಡಿ ಕ್ರಿಯಾಪದ ಹುಡುಕಿ

ಫ್ರೇಸಲ್ ವರ್ಬ್ ಅಂದರೆ ಇಂಗ್ಲಿಷಿನವರ ವಿಚಿತ್ರ ಕಾಯಿಲೆ ಎಂದು ಕೆಲವರ ಭಾವನೆ. ನಮ್ಮಲ್ಲೇನು ಕಮ್ಮಿ ಇದೆಯೇ? ಹೇಳು ಎಂಬ ಒಂದೇ ಪದ ಹೇಳಿಬಿಡು, ಹೇಳಿಕೊಡು, ಹೇಳಿಕೊ, ಹೇಳಿನೋಡು ಎಂದಾಗ ಬೇರೆಬೇರೆ ಕೆಲಸವಾಗುತ್ತದೆ. ‘ಕಷ್ಟ ಹೇಳಿಕೊಂಡ’ ಮತ್ತು ‘ಪಾಠ ಹೇಳಿಕೊಟ್ಟ’ ಎರಡನ್ನೂ ನಾವು ಯಾವ ಪಟ್ಟಿಯಿಂದ ಕಲಿತೆವು?

ಹಾಗಾಗಿ ಎರಡನೇ ವಾರ ಮಾತುಕತೆಯ ಗುಂಪು ತೆಗೆದುಕೊಂಡು, ಒಂದೊಂದರ ಎದುರಿಗೂ ಒಂಟಿ ಪದದ ಬದಲು ಕನ್ನಡದ ಜೋಡಿಯನ್ನು ಬರೆಯಿರಿ. ‘ಸ್ಪೆಲ್ ಔಟ್’ಗೆ ವಿವರಿಸು ಎಂದು ಬರೆದರೆ ಪ್ರಾಣ ಹೋಯಿತು, ಬಿಡಿಸಿ ಹೇಳು ಎಂದು ಬರೆದರೆ ‘ಔಟ್’ ಕೂಡ ಅದರೊಳಗೆ ಬಂತು. ‘ಬ್ರಿಂಗ್ ಅಪ್’ಗೆ ವಿಷಯ ಎತ್ತು. ‘ಪಾಯಿಂಟ್ ಔಟ್’ಗೆ ಎತ್ತಿ ತೋರಿಸು. ‘ಬಟ್ ಇನ್’ಗೆ ನಡುವೆ ಬಾಯಿ ಹಾಕು, ಇದಕ್ಕಿಂತ ಒಪ್ಪುವ ಜೋಡಿ ಸಿಗಲಾರದು. ‘ಕವರ್ ಅಪ್’, ‘ಹಷ್ ಅಪ್’ಗೆ ಮುಚ್ಚಿಹಾಕು. ‘ಲೆಟ್ ಆನ್’ಗೆ ಗುಟ್ಟು ಬಿಟ್ಟುಕೊಡು. ‘ಓನ್ ಅಪ್’ಗೆ ತಪ್ಪು ಒಪ್ಪಿಕೊ. ‘ಗೋ ಆನ್ ಅಬೌಟ್’ಗೆ ಅದನ್ನೇ ಕೊರೆ, ಮದುವೆ ಮನೆಯಲ್ಲಿ ಅಡಿಕೆ ರೇಟಿನ ಬಗ್ಗೆ ಬಿಡದೆ ಕೊರೆಯುವ ಚಿಕ್ಕಪ್ಪಂದಿರನ್ನು ನೆನೆದರೆ ಇದು ಜನ್ಮದಲ್ಲಿ ಮರೆಯುವುದಿಲ್ಲ. ‘ಟಾಕ್ ಇಂಟು’ಗೆ ಮಾತಾಡಿ ಒಪ್ಪಿಸು, ‘ಟಾಕ್ ಔಟ್ ಆಫ್’ಗೆ ಮಾತಾಡಿ ಬಿಡಿಸು.

ಒಂದು ಎಚ್ಚರಿಕೆ. ಕನ್ನಡದ ಜೋಡಿ ನೆನಪಿಗೆ ಹಾಕಿದ ಗೂಟ ಅಷ್ಟೇ. ಅದನ್ನು ತಿರುಗಿಸಿ ಪದಕ್ಕೆ ಪದ ಇಂಗ್ಲಿಷ್ ಮಾಡಲು ಹೋದರೆ ‘ಹಿ ಪುಟ್ ಮೌತ್ ಇನ್ ದ ಮಿಡ್ಲ್’ ಎಂಬಂಥದ್ದು ಹುಟ್ಟುತ್ತದೆ. ಅದಕ್ಕೇ ಒಂದೊಂದಕ್ಕೂ ನಿಮ್ಮ ಮನೆಯದೋ ಊರಿನದೋ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಜೊತೆಗಿರಲಿ. ಗೈಡಿನ ವಾಕ್ಯ ಬೇಡ.

## ಹಂತ 3: ಬಾಲ ಯಾವ ಕಡೆ ಎಳೆಯುತ್ತದೆ ನೋಡಿ

ಬಾಲಗಳಿಗೆ ಅರ್ಥವೇ ಇಲ್ಲ, ಸುಮ್ಮನೆ ಬಾಯಿಪಾಠ ಮಾಡಬೇಕು ಎನ್ನುವ ಮಾತು ಅರ್ಧ ಸುಳ್ಳು. ಮಾತು, ಮಾಧ್ಯಮದ ಮಟ್ಟಿಗೆ ‘ಔಟ್’ ಬಹಳ ನಂಬಿಗಸ್ತ ಬಾಲ. ಒಳಗಿದ್ದದ್ದು ಹೊರಗೆ ಬೀಳುತ್ತದೆ. ‘ರೀಡ್ ಔಟ್’ ಗಟ್ಟಿಯಾಗಿ ಓದುವುದು, ‘ಸ್ಪೀಕ್ ಔಟ್’ ಅಂಜದೆ ಬಹಿರಂಗವಾಗಿ ಮಾತಾಡುವುದು, ‘ಲೀಕ್ ಔಟ್’ ಸೋರುವುದು, ‘ಕಮ್ ಔಟ್’ ಬಯಲಾಗುವುದು ಅಥವಾ ಪತ್ರಿಕೆ ಹೊರಬರುವುದು, ‘ಬ್ರಿಂಗ್ ಔಟ್’ ಪ್ರಕಟಿಸುವುದು, ‘ಪುಟ್ ಔಟ್ ಎ ಸ್ಟೇಟ್‌ಮೆಂಟ್’ ಹೇಳಿಕೆ ಹೊರಡಿಸುವುದು.

‘ಥ್ರೂ’ ತಡೆ ದಾಟಿ ತಲುಪುವುದು. ‘ಆಫ್’ ಕಡಿತ. ‘ಡೌನ್’ ಎರಡು ಕೆಲಸ ಮಾಡುತ್ತದೆ: ಒಂದು ಕಾಗದಕ್ಕೆ ಇಳಿಸುವುದು, ‘ನೋಟ್ ಡೌನ್’, ‘ಟೇಕ್ ಡೌನ್’, ಇನ್ನೊಂದು ತಗ್ಗಿಸುವುದು, ಟೀವಿ ಸೌಂಡಿಗೆ ‘ಟರ್ನ್ ಡೌನ್’, ದೊಡ್ಡ ಸುದ್ದಿಯನ್ನು ಸಣ್ಣದು ಮಾಡಿ ತೋರಿಸುವುದಕ್ಕೆ ‘ಪ್ಲೇ ಡೌನ್’.

‘ಅಪ್’ ಮಾತ್ರ ನಂಬಬೇಡಿ. ‘ಸ್ಪೀಕ್ ಅಪ್’ನಲ್ಲಿ ಏರುತ್ತದೆ, ‘ಕವರ್ ಅಪ್’ನಲ್ಲಿ ಪೂರ್ತಿ ಮುಚ್ಚುತ್ತದೆ, ‘ಮೇಕ್ ಅಪ್’ನಲ್ಲಿ ಇಲ್ಲದ ಕಥೆ ಕಟ್ಟುತ್ತದೆ. ಇದನ್ನು ಒಂದೊಂದಾಗಿಯೇ ಕಲಿಯಬೇಕು.

ಇದೇ ಹಂತದಲ್ಲಿ ‘ಕಾಲ್ ಆಫ್’, ‘ಪುಟ್ ಆಫ್’ ಜೋಡಿಯನ್ನು ಬಿಡಿಸಿಕೊಳ್ಳಿ. ಮಳೆ ಹೆಚ್ಚಾಗಿ ಕೆಸರುಗದ್ದೆ ಓಟ ರದ್ದಾದರೆ ‘ಕಾಲ್ಡ್ ಆಫ್’, ಮುಂದಿನ ಭಾನುವಾರಕ್ಕೆ ಹೋದರೆ ‘ಪುಟ್ ಆಫ್’. ನಾವೂ ಮುಂದಕ್ಕೆ ಹಾಕಿದರು ಎಂದೇ ಅನ್ನುತ್ತೇವಲ್ಲ, ಆ ಹಾಕುವುದೇ ಇಲ್ಲಿನ ‘ಪುಟ್’.

## ಹಂತ 4: ‘ಇಟ್’ ಎಲ್ಲಿ ಕೂರುತ್ತದೆ?

ಮೂರನೇ ವಾರ ಪೂರ್ತಿ ಇದಕ್ಕೇ ಕೊಡಿ. ಅರ್ಥ ಗೊತ್ತಿದ್ದೂ ನೂರಕ್ಕೆ ತೊಂಬತ್ತು ಮಂದಿ ಬೀಳುವುದು ಇಲ್ಲಿ. ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ಕೆಂಪು ಪೆನ್ನು ಹಿಡಿದವನ ಹೊಟ್ಟೆಯುರಿ.

ಮೊದಲ ನಿಯಮ: ಬಿಡಿಸಬಹುದಾದ ಜೋಡಿಯಲ್ಲಿ ‘ಮೀ’, ‘ಹಿಮ್’, ‘ಹರ್’, ‘ಇಟ್’, ‘ದೆಮ್’ ಬಂದರೆ ಅವು ನಡುವೆಯೇ ಕೂರಬೇಕು. ‘ಕಾಲ್ ಮೀ ಬ್ಯಾಕ್’ ಸರಿ, ‘ಕಾಲ್ ಬ್ಯಾಕ್ ಮೀ’ ತಪ್ಪು. ‘ಸ್ಪೆಲ್ ಇಟ್ ಔಟ್’ ಸರಿ, ‘ಸ್ಪೆಲ್ ಔಟ್ ಇಟ್’ ತಪ್ಪು. ಇದರಲ್ಲಿ ರಿಯಾಯಿತಿ ಇಲ್ಲ.

ಎರಡನೇದು: ಆ ಜಾಗದಲ್ಲಿ ಪೂರ್ತಿ ಹೆಸರು ಬಂದರೆ ಎರಡೂ ಕಡೆ ನಡೆಯುತ್ತದೆ. ‘ಪಾಯಿಂಟ್ ಔಟ್ ದ ಮಿಸ್ಟೇಕ್’, ‘ಪಾಯಿಂಟ್ ದ ಮಿಸ್ಟೇಕ್ ಔಟ್’ ಎರಡೂ ಸರಿ. ಆದರೆ ಹೆಸರು ಉದ್ದವಾದರೆ ಬಾಲವನ್ನು ಮೊದಲು ಮುಗಿಸಿಬಿಡಿ. ‘ನಿನ್ನೆ ಪಂಚಾಯಿತಿ ಬೋರ್ಡಿಗೆ ಅಂಟಿಸಿದ ನೋಟಿಸಿನ ತಪ್ಪು’ ಅಷ್ಟನ್ನೂ ನಡುವೆ ತುರುಕಿದರೆ, ಕೊನೆಗೆ ಬರುವ ‘ಔಟ್’ ಸಂತೆಯಲ್ಲಿ ಕೈ ತಪ್ಪಿದ ಮಗುವಿನಂತಾಗುತ್ತದೆ.

ಮೂರನೇದು: ಕೆಲವು ಜೋಡಿಗಳನ್ನು ಬಿಡಿಸುವಂತಿಲ್ಲ. ‘ಪೊಲೀಸ್ ಆರ್ ಲುಕಿಂಗ್ ಇಂಟು ಇಟ್’ ಅನ್ನಬೇಕೇ ಹೊರತು ‘ಲುಕಿಂಗ್ ಇಟ್ ಇಂಟು’ ಅಲ್ಲ. ‘ಟ್ಯೂನ್ ಇನ್ ಟು ಇಟ್’, ‘ಗೋ ಆನ್ ಅಬೌಟ್ ಇಟ್’ ಕೂಡ ಹೀಗೇ. ಎರಡು ಬಾಲ ಇದ್ದಲ್ಲಿ ‘ಇಟ್’ ಸಾಮಾನ್ಯವಾಗಿ ಕಟ್ಟಕಡೆಗೆ.

ಬಾಲ ಅದೇ ಆದರೂ ‘ಇಟ್’ ಕೂರುವ ಜಾಗ ಬೇರೆಯಾಗಬಹುದು ಎಂಬುದಕ್ಕೆ ಈ ಎರಡನ್ನು ಪಕ್ಕಪಕ್ಕ ಬರೆದಿಡಿ. ‘ಗೆಟ್ ಇಟ್ ಅಕ್ರಾಸ್’ ಅಂದರೆ ಹೇಳಬೇಕಾದ್ದನ್ನು ಎದುರಿನವರ ತಲೆಗೆ ಹೋಗುವಂತೆ ತಲುಪಿಸುವುದು. ‘ಕಮ್ ಅಕ್ರಾಸ್ ಇಟ್’ ಅಂದರೆ ಹುಡುಕದೆಯೇ ಕಣ್ಣಿಗೆ ಬೀಳುವುದು, ಬಜ್ಜಿ ಕಟ್ಟಿಕೊಟ್ಟ ಹಳೇ ಪೇಪರಿನಲ್ಲಿ ಪರಿಚಯದವರ ಫೋಟೊ ಕಂಡಂತೆ.

ನಾಲ್ಕನೇದು, ಹಿಂದೆ ಏನೂ ಬೇಡದವು. ‘ಹ್ಯಾಂಗ್ ಅಪ್’ ಮಾಡಿದೆ ಅಂದರೆ ಮುಗಿಯಿತು. ಯಾರೋ ಮುಖಕ್ಕೆ ಹೊಡೆದಂತೆ ಫೋನ್ ಇಟ್ಟರೆ ‘ಹಿ ಹಂಗ್ ಅಪ್ ಆನ್ ಮೀ’. ಆ ‘ಆನ್’ ಬಿಟ್ಟು ‘ಹಂಗ್ ಮೀ ಅಪ್’ ಅಂದರೆ ನಿಮ್ಮನ್ನೇ ಕೊಕ್ಕೆಗೆ ನೇತುಹಾಕಿದಂತೆ.

ಅಭ್ಯಾಸ ಹೀಗೆ ಮಾಡಿ. ನೋಟ್‌ಬುಕ್ಕಿನ ಪ್ರತಿ ವಾಕ್ಯದಲ್ಲಿ ಹೆಸರನ್ನು ಹೊಡೆದುಹಾಕಿ ‘ಇಟ್’ ಅಥವಾ ‘ಹಿಮ್’ ಇಟ್ಟು ಮತ್ತೆ ಬರೆಯಿರಿ. ಅನುಮಾನ ಬಂದರೆ ನಿಘಂಟಿನ ಎರಡು ಮೂತಿಯ ಬಾಣ ನೋಡಿ. ಬಾಣ ಇದ್ದರೆ ‘ಇಟ್’ ನಡುವೆ. ಬಾಣ ಇಲ್ಲದಿದ್ದರೆ ‘ಎಸ್‌ಬಿ’, ‘ಎಸ್‌ಟಿಎಚ್’ ಅಚ್ಚಾಗಿರುವ ಜಾಗವೇ ಉತ್ತರ.

## ಹಂತ 5: ಬಾಯಿ ತಿದ್ದಿ, ಆಮೇಲೆ ಕಿವಿ

ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ನಮ್ಮ ಬಾಯಲ್ಲಿ ‘ಪಿಕ್ಕು ಇಟ್ಟು ಅಪ್ಪು’ ಎಂದು ಮೂರು ಹೆಜ್ಜೆ ಬರುತ್ತದೆ. ಆಡುವವರ ಬಾಯಲ್ಲಿ ಅದು ಒಂದೇ ಉಸಿರು: ‘ಪಿಕಿಟಪ್’. ‘ರೀಡ್ ಇಟ್ ಔಟ್’ ಎಂಬುದು ‘ರೀಡಿಟೌಟ್’. ಕನ್ನಡದ ಸಂಧಿಯಂತೆ ಹಿಂದಿನ ವ್ಯಂಜನ ಮುಂದಿನ ಸ್ವರಕ್ಕೆ ಅಂಟಿಕೊಳ್ಳಲಿ. ಈ ಅಂಟು ನಿಮ್ಮ ಬಾಯಿಗೆ ಬರದ ಹೊರತು ಕಿವಿಗೂ ಸಿಗುವುದಿಲ್ಲ. ಅದಕ್ಕೇ ಮೊದಲು ಬಾಯಿ, ಆಮೇಲೆ ಕಿವಿ.

ಒತ್ತು ಬೀಳಬೇಕಾದ್ದು ಸಾಮಾನ್ಯವಾಗಿ ಬಾಲದ ಮೇಲೆ. ‘ಕಾಲ್ ಮೀ ಬ್ಯಾಕ್’ನಲ್ಲಿ ‘ಬ್ಯಾಕ್’ ಎದ್ದು ಕೇಳಬೇಕು. ಇದೇ ಜೋಡಿ ನಾಮಪದವಾದಾಗ ಒತ್ತು ಮುಂದಕ್ಕೆ ಓಡುತ್ತದೆ: ಮುಚ್ಚಿಹಾಕಿದರು ಅನ್ನುವಾಗ ‘ಅಪ್’ ಜೋರು, ‘ಇಟ್ ವಾಸ್ ಎ ಕವರ್-ಅಪ್’ ಅನ್ನುವಾಗ ‘ಕವರ್’ ಜೋರು. ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ದಿನ ನಿಮ್ಮ ಧ್ವನಿ ನಿಮಗೇ ಹಿಡಿಸುವುದಿಲ್ಲ, ಎಲ್ಲರಿಗೂ ಹಾಗೇ.

ಕಿವಿಗೆ ಎರಡು ಬಗೆಯ ಆಹಾರ ಬೇಕು. ಆಕಾಶವಾಣಿಯ ಇಂಗ್ಲಿಷ್ ವಾರ್ತೆ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಸಿಗುತ್ತದೆ. ಉಚ್ಚಾರ ಸ್ಪಷ್ಟ, ವೇಗ ಹದ. ಆದರೆ ಬರೆದದ್ದನ್ನು ಓದುವ ವಾರ್ತೆಯಲ್ಲಿ ಫ್ರೇಸಲ್ ವರ್ಬ್ ಕಡಿಮೆ, ಅಲ್ಲಿ ‘ಕಾಲ್ಡ್ ಆಫ್’ ಬದಲು ‘ಕ್ಯಾನ್ಸಲ್ಡ್’ ಬಂದೀತು. ಜೋಡಿಗಳು ಧಾರಾಳವಾಗಿ ಉದುರುವುದು ಸಂದರ್ಶನ, ಚರ್ಚೆ, ಕ್ರಿಕೆಟ್ ಕಾಮೆಂಟರಿಗಳಲ್ಲಿ. ದಿನಕ್ಕೆ ಐದು ನಿಮಿಷದ ತುಣುಕು, ಮೂರು ಸಲ. ಮೊದಲ ಸಲ ಸುಮ್ಮನೆ ಕೇಳಿ, ಎರಡನೇ ಸಲ ಬಾಲ ಕೇಳಿದಾಗೆಲ್ಲ ಒಂದು ಗೀಟು ಹಾಕಿ, ಮೂರನೇ ಸಲ ಅದರ ಹಿಂದಿನ ಕ್ರಿಯಾಪದ ಹಿಡಿಯಿರಿ. ಇಂಗ್ಲಿಷ್ ಪತ್ರಿಕೆಯ ಶೀರ್ಷಿಕೆಗಳೂ ಒಳ್ಳೆಯ ಗಣಿ, ಜಾಗ ಕಡಿಮೆ ಇರುವಲ್ಲಿ ಗಿಡ್ಡ ಪದಗಳೇ ಗೆಲ್ಲುವುದು.

## ಹಂತ 6: ಊರಿನ ಒಂದು ಸುದ್ದಿಯನ್ನು ಪೂರ್ತಿ ಹೇಳಿ

ನಾಲ್ಕನೇ ವಾರ ಬಿಡಿ ವಾಕ್ಯಗಳನ್ನು ಬಿಟ್ಟು ಕಥೆ ಹೇಳಿ. ನಾನು ಎಲ್ಲರಿಗೂ ಕೊಡುವುದು ಒಂದೇ ವಿಷಯ: ಮಳೆ ರಜೆ. ಜಿಲ್ಲಾಧಿಕಾರಿಗಳ ಆದೇಶದ ಫೋಟೊ ರಾತ್ರಿ ವಾಟ್ಸಾಪಿನಲ್ಲಿ ಓಡಾಡುತ್ತದೆ, ತೀರ್ಥಹಳ್ಳಿ ಸಾಗರಕ್ಕೆ ಉಂಟೋ ಶಿವಮೊಗ್ಗಕ್ಕೂ ಉಂಟೋ ಎಂದು ಮನೆಮನೆಯಲ್ಲಿ ಚರ್ಚೆ, ಆಮೇಲೆ ನೋಡಿದರೆ ಅದು ಹೋದ ವರ್ಷದ್ದು.

ಸಾಗರದ ಹುಡುಗನೊಬ್ಬ ಮೊದಲ ಸಲ ಹೇಳಿದ್ದು ಹೀಗಿತ್ತು: ‘ಒನ್ ಆರ್ಡರ್ ಕೇಮ್ ಇನ್ ವಾಟ್ಸಾಪ್. ಐ ಕಾಲ್ಡ್ ಅಪ್ ಹಿಮ್, ಹೆಡ್‌ಮಾಸ್ಟರ್. ಲೈನ್ ನಾಟ್ ಕಮಿಂಗ್. ಹಿ ಕಾಲ್ಡ್ ಬ್ಯಾಕ್ ಮೀ ಅಂಡ್ ಟೋಲ್ಡ್ ಓಲ್ಡ್ ಡೇಟ್. ದೆನ್ ಫೋನ್ ಕಟ್.’ ಅರ್ಥ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಒಂದೊಂದೇ ತಿದ್ದಿದೆವು. ಸುದ್ದಿ ಒಬ್ಬರಿಂದ ಒಬ್ಬರಿಗೆ ಹಬ್ಬಿದ್ದರಿಂದ ‘ವೆಂಟ್ ಅರೌಂಡ್’. ‘ಹಿಮ್’ ನಡುವೆ ಬರಬೇಕಿತ್ತು, ಆದರೆ ಹೆಡ್‌ಮಾಸ್ಟರ್ ಎಂದೇ ಹೇಳಿ ‘ಟ್ರೈಡ್’ ಅಂದರೆ ಆ ಗೋಜೇ ಇಲ್ಲ. ಲೈನ್ ಸಿಗದ್ದಕ್ಕೆ ‘ಗೆಟ್ ಥ್ರೂ’. ‘ಮೀ’ ಕೂಡ ನಡುವೆ. ತಾರೀಖನ್ನು ಬರೀ ಹೇಳಿದ್ದಲ್ಲ, ಎತ್ತಿ ತೋರಿಸಿದ್ದು. ಹತ್ತನೇ ನಿಮಿಷಕ್ಕೆ ಬಂದದ್ದು ಇದು: ‘ಎ ಫೇಕ್ ಆರ್ಡರ್ ವೆಂಟ್ ಅರೌಂಡ್ ಲಾಸ್ಟ್ ನೈಟ್. ಐ ಟ್ರೈಡ್ ದ ಹೆಡ್‌ಮಾಸ್ಟರ್ ಬಟ್ ಕುಡಂಟ್ ಗೆಟ್ ಥ್ರೂ. ಹಿ ಕಾಲ್ಡ್ ಮೀ ಬ್ಯಾಕ್ ಅಂಡ್ ಪಾಯಿಂಟೆಡ್ ಔಟ್ ದ ಓಲ್ಡ್ ಡೇಟ್. ದೆನ್ ವಿ ಗಾಟ್ ಕಟ್ ಆಫ್.’

ನಾಲ್ಕು ವಾಕ್ಯಕ್ಕೆ ಐದು ಜೋಡಿ. ಇದಕ್ಕಿಂತ ಹೆಚ್ಚು ತುರುಕಬೇಡಿ, ಉಪ್ಪಿನಕಾಯಿಯನ್ನೇ ಊಟ ಮಾಡಿದಂತಾಗುತ್ತದೆ. ಇದೇ ಕಥೆಯನ್ನು ಮೂರು ಸಲ, ಮೂರು ಜನಕ್ಕೆ ಹೇಳಿ: ಒಮ್ಮೆ ಸ್ನೇಹಿತನಿಗೆ, ಒಮ್ಮೆ ಟೀವಿ ವರದಿಗಾರನಂತೆ, ಒಮ್ಮೆ ಆ ಹೆಡ್‌ಮಾಸ್ಟರ್ ಬಾಯಲ್ಲಿ.

## ಹಂತ 7: ಎಲ್ಲಿ ಬಳಸಬಾರದು

ಬಾಯಿಗೆ ರುಚಿ ಹತ್ತಿದ ಮೇಲೆ ಬರುವ ಕಾಯಿಲೆ ಇದು. ಕಚೇರಿಗೆ, ಕಾಲೇಜಿಗೆ ಬರೆಯುವ ಅರ್ಜಿಯಲ್ಲಿ ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’, ‘ಬ್ರಿಂಗ್ ಅಪ್’ ಬದಲು ‘ರೈಸ್’ ಒಪ್ಪುತ್ತದೆ. ನಾವೂ ಅರ್ಜಿಯಲ್ಲಿ ಮುಂದೂಡಬೇಕಾಗಿ ಎಂದು ಬರೆಯುತ್ತೇವೆ, ಮುಂದಕ್ಕೆ ಹಾಕಿ ಅನ್ನುವುದಿಲ್ಲ. ‘ಫಿಲ್ ಇನ್ ದ ಫಾರ್ಮ್’, ‘ಲಾಗ್ ಇನ್’, ‘ಸೈನ್ ಅಪ್’ ಮುಂತಾದವು ಎಲ್ಲಿಯೂ ನಡೆಯುತ್ತವೆ, ಅವುಗಳ ಚಿಂತೆ ಬೇಡ.

ಬೇಡದ ಕಡೆ ಬಾಲ ಅಂಟಿಸುವುದೂ ತಪ್ಪೇ. ‘ಡಿಸ್ಕಸ್ ಅಬೌಟ್’, ‘ಮೆನ್ಷನ್ ಅಬೌಟ್’, ‘ರಿಪ್ಲೈ ಬ್ಯಾಕ್’, ‘ಕೋಪ್ ಅಪ್ ವಿತ್’ ನಮ್ಮ ಕಡೆ ದಿನಾ ಕೇಳುವಂಥವು. ಮೊದಲ ಮೂರರಲ್ಲಿ ಬಾಲವೇ ಬೇಡ, ನಾಲ್ಕನೆಯದರಲ್ಲಿ ‘ಅಪ್’ ಬೇಡ. ಇನ್ನು ‘ಪಾಸ್ಡ್ ಔಟ್ ಇನ್ 2019’ ಎಂದು ಬಯೋಡೇಟಾದಲ್ಲಿ ಬರೆಯುವವರು ಗಮನಿಸಿ, ದೇಶದ ಹೊರಗೆ ಅದನ್ನು ಓದಿದವರು 2019ರಲ್ಲಿ ನೀವು ಮೂರ್ಛೆ ಹೋಗಿದ್ದಿರಿ ಎಂದುಕೊಳ್ಳುತ್ತಾರೆ.

## ದಾರಿ ತಪ್ಪಿದ್ದರ ಗುರುತುಗಳು

ಐದನೇ ವಾರ ಹೊಸದೇನೂ ಸೇರಿಸದೆ ತಪಾಸಣೆ ಮಾಡಿ. ನೋಟ್‌ಬುಕ್ಕಿನಲ್ಲಿ ವಾಕ್ಯಗಳಿಗಿಂತ ಪಟ್ಟಿ ಹೆಚ್ಚಾಗಿದ್ದರೆ ನೀವು ಮತ್ತೆ ಹಳೇ ಚಾಳಿಗೆ ಬಿದ್ದಿದ್ದೀರಿ; ಎರಡನೇ ಹಂತಕ್ಕೆ ವಾಪಸ್. ಮಾತಾಡುವಾಗ ಬಾಲದ ಹತ್ತಿರ ಬಂದು ನಿಂತು ಯೋಚಿಸುತ್ತಿದ್ದರೆ ಅರ್ಥ ಗೊತ್ತಿದೆ, ಬಾಯಿ ಪಳಗಿಲ್ಲ; ಐದನೇ ಹಂತ. ಬರೆಯುವಾಗ ಸರಿ, ಆಡುವಾಗ ‘ಇಟ್’ ಹಿಂದೆ ಹೋಗುತ್ತಿದ್ದರೆ ನಾಲ್ಕನೇ ಹಂತದ ವಾಕ್ಯಗಳನ್ನೇ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ.

ಕೊನೇ ಪರೀಕ್ಷೆ ಫೋನಿನಲ್ಲೇ ಆಗಲಿ. ಗೆಳೆಯರೊಬ್ಬರಿಗೆ ಐದು ಜೋಡಿ ಬರೆದುಕೊಡಿ, ಹೇಳದೆ ಕೇಳದೆ ಯಾವತ್ತಾದರೂ ಕರೆ ಮಾಡಿ ಮಾತಿನ ನಡುವೆ ಅವನ್ನು ನುಸುಳಿಸಲಿ. ಹೊಸನಗರದ ಹುಡುಗಿಯನ್ನು ನಾನು ಪರೀಕ್ಷಿಸಿದ್ದು ಹೀಗೇ, ಅವಳು ಬಸ್ಸಿನಲ್ಲಿದ್ದಾಗ. ‘ಹ್ಯಾಂಗ್ ಆನ್’ ಅಂದು ಸುಮ್ಮನಾದೆ. ಎರಡು ನಿಮಿಷ ಬರೀ ಬಸ್ಸಿನ ಸದ್ದು, ಕಂಡಕ್ಟರನ ಸೀಟಿ. ಆಮೇಲೆ ಆ ಕಡೆಯಿಂದ ಧ್ವನಿ: “ಸರ್, ಇಟ್ಟಿಲ್ಲ. ಆದ್ರೆ ಮುಂದೆ ಘಾಟಿ ಬರ್ತದೆ, ಬೇಗ ಮಾತಾಡಿ.”